ಡಾ. ಬಿ. ಆರ್. ಅಂಬೇಡ್ಕರ್: ಯುದ್ಧಕಾಲದಲ್ಲಿ ಆರಂಭವಾದ ಕಾನೂನು ವ್ಯಾಸಂಗ

ಪೀಠಿಕೆ

ಭಾರತ ಸಂವಿಧಾನದ ಕರಡು ರಚನಾ ಸಮಿತಿಯ ಅಧ್ಯಕ್ಷರೂ ಸ್ವತಂತ್ರ ಭಾರತದ ಪ್ರಥಮ ಕಾನೂನು ಸಚಿವರೂ ಆಗಿದ್ದ ಡಾ. ಭೀಮರಾವ್ ರಾಮಜಿ ಅಂಬೇಡ್ಕರ್ ಅವರ ಹೆಸರನ್ನು ಅರಿಯದವರಿಲ್ಲ. ಆದರೆ ಅವರು ಕಾನೂನು ಪದವಿಗಾಗಿ ಅರ್ಜಿ ಸಲ್ಲಿಸಿದ ಕಾಲ ಎಂತಹದು, ಆ ವ್ಯಾಸಂಗ ಮಧ್ಯದಲ್ಲಿ ನಿಂತುಹೋದದ್ದು ಏಕೆ, ಅದನ್ನು ಪೂರ್ಣಗೊಳಿಸಲು ಅವರು ಯಾವ ಮಾರ್ಗ ಅನುಸರಿಸಿದರು ಎಂಬ ವಿವರಗಳು ಅಷ್ಟಾಗಿ ಪ್ರಚಾರದಲ್ಲಿಲ್ಲ. ವಿದ್ಯಾರ್ಥಿವೇತನ, ವಿದ್ಯಾರ್ಥಿನಿಲಯ ಪ್ರವೇಶ ಹಾಗೂ ಉನ್ನತ ವ್ಯಾಸಂಗದ ಸೌಲಭ್ಯಗಳಿಗಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರ ಮಾಹಿತಿಗಾಗಿ ಅವರ ಜೀವನದ ಈ ಭಾಗವನ್ನು ಇಲ್ಲಿ ವಿಶೇಷವಾಗಿ ವಿವರಿಸಲಾಗಿದೆ.

ಜನನ ಮತ್ತು ಬಾಲ್ಯ

ಅಂಬೇಡ್ಕರ್ ಅವರು 1891ರ ಏಪ್ರಿಲ್ 14ರಂದು ಇಂದಿನ ಮಧ್ಯಪ್ರದೇಶದ ಮಹೂ ಎಂಬ ದಂಡು ಪ್ರದೇಶದಲ್ಲಿ ಜನಿಸಿದರು. ತಂದೆ ರಾಮಜಿ ಮಾಲೋಜಿ ಸಕ್ಪಾಲ್ ಅವರು ಸೇನೆಯಲ್ಲಿ ಸುಬೇದಾರರಾಗಿದ್ದರು. ತಾಯಿ ಭೀಮಾಬಾಯಿ. ದಂಪತಿಗಳ ಹದಿನಾಲ್ಕು ಮಕ್ಕಳಲ್ಲಿ ಇವರೇ ಕೊನೆಯವರು. ಕುಟುಂಬದ ಮೂಲ ಸ್ಥಳ ಕೊಂಕಣದ ರತ್ನಾಗಿರಿ ಜಿಲ್ಲೆಯಲ್ಲಿತ್ತು. ಅಸ್ಪೃಶ್ಯರೆಂದು ಪರಿಗಣಿಸಲ್ಪಟ್ಟಿದ್ದ ಮಹಾರ್ ಸಮುದಾಯಕ್ಕೆ ಸೇರಿದ ಕಾರಣದಿಂದ ಸಾತಾರಾದ ಶಾಲೆಯಲ್ಲಿ ಅವರು ಇತರ ಮಕ್ಕಳಿಂದ ಪ್ರತ್ಯೇಕವಾಗಿ ಕುಳಿತುಕೊಳ್ಳಬೇಕಾಗಿತ್ತು. ಶಾಲೆಯ ನೀರಿನ ಪಾತ್ರೆಯನ್ನು ಮುಟ್ಟುವಂತಿರಲಿಲ್ಲ. ಜವಾನನು ಮೇಲಿನಿಂದ ನೀರು ಹಾಕಿದರೆ ಮಾತ್ರ ಬಾಯಾರಿಕೆ ತೀರುತ್ತಿತ್ತು.

ಕುಟುಂಬವು ಬೊಂಬಾಯಿಗೆ ಬಂದು ನೆಲೆಸಿದ ನಂತರ ಅವರು ಎಲ್ಫಿನ್‌ಸ್ಟನ್ ಪ್ರೌಢಶಾಲೆಯನ್ನು ಸೇರಿ 1907ರಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಶಿಕ್ಷಕರೂ ಲೇಖಕರೂ ಆಗಿದ್ದ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಅವರು ಈ ವಿದ್ಯಾರ್ಥಿಯ ಓದಿನ ಆಸಕ್ತಿಯನ್ನು ಗುರುತಿಸಿದರು. ಬರೋಡಾ ಸಂಸ್ಥಾನದ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡ್ ಅವರಿಂದ ಮಾಸಿಕ 25 ರೂಪಾಯಿಗಳ ವಿದ್ಯಾರ್ಥಿವೇತನ ದೊರೆತುದರಿಂದ ಎಲ್ಫಿನ್‌ಸ್ಟನ್ ಕಾಲೇಜಿನ ಶಿಕ್ಷಣ ಸಾಧ್ಯವಾಯಿತು. ಪದವಿ ಪಡೆದ ಕೆಲವೇ ದಿನಗಳಲ್ಲಿ, 1913ರ ಫೆಬ್ರವರಿ 2ರಂದು, ತಂದೆ ನಿಧನರಾದರು.

ಕೊಲಂಬಿಯಾ ವಿಶ್ವವಿದ್ಯಾಲಯ

1913ರಲ್ಲಿ ಬರೋಡಾ ಸಂಸ್ಥಾನವು ಅಮೆರಿಕದಲ್ಲಿ ಉನ್ನತ ವ್ಯಾಸಂಗ ಮಾಡಲು ಮೂರು ವರ್ಷಗಳ ಅವಧಿಗೆ ತಿಂಗಳಿಗೆ ಹನ್ನೊಂದೂವರೆ ಪೌಂಡುಗಳ ವಿದ್ಯಾರ್ಥಿವೇತನವನ್ನು ಅವರಿಗೆ ಮಂಜೂರು ಮಾಡಿತು. ವ್ಯಾಸಂಗದ ನಂತರ ಹತ್ತು ವರ್ಷ ಸಂಸ್ಥಾನದ ಸೇವೆ ಸಲ್ಲಿಸತಕ್ಕದ್ದೆಂಬ ಷರತ್ತಿಗೆ ಒಪ್ಪಿ ಅವರು ಕರಾರುಪತ್ರಕ್ಕೆ ಸಹಿ ಮಾಡಿದರು. ಅದೇ ವರ್ಷ ಜುಲೈ ತಿಂಗಳಿನಲ್ಲಿ ನ್ಯೂಯಾರ್ಕ್ ನಗರದ ಕೊಲಂಬಿಯಾ ವಿಶ್ವವಿದ್ಯಾಲಯವನ್ನು ತಲುಪಿದರು.

ಅಲ್ಲಿ ಅರ್ಥಶಾಸ್ತ್ರವನ್ನು ಮುಖ್ಯ ವಿಷಯವನ್ನಾಗಿ ಆರಿಸಿಕೊಂಡು, ಜೊತೆಗೆ ಸಮಾಜಶಾಸ್ತ್ರ, ಇತಿಹಾಸ, ತತ್ತ್ವಶಾಸ್ತ್ರ ಮತ್ತು ಮಾನವಶಾಸ್ತ್ರವನ್ನು ಅಭ್ಯಸಿಸಿದರು. 1915ರಲ್ಲಿ ಎಂ.ಎ. ಪದವಿ ದೊರೆಯಿತು. 1916ರ ಮೇ 9ರಂದು ಭಾರತದ ಜಾತಿಗಳ ಉಗಮ ಮತ್ತು ಬೆಳವಣಿಗೆಯನ್ನು ಕುರಿತ ಪ್ರಬಂಧವನ್ನು ಮಾನವಶಾಸ್ತ್ರದ ವಿಚಾರಗೋಷ್ಠಿಯಲ್ಲಿ ಮಂಡಿಸಿದರು. ಸಾರ್ವಜನಿಕ ಹಣಕಾಸು ವಿಷಯದ ಖ್ಯಾತ ಪ್ರಾಧ್ಯಾಪಕ ಎಡ್ವಿನ್ ಸೆಲಿಗ್‌ಮನ್ ಅವರ ಮಾರ್ಗದರ್ಶನ ಲಭಿಸಿದ್ದು ಇಲ್ಲಿಯೇ. ಸಹಪಾಠಿಯಾಗಿದ್ದ ನವಲ್ ಭಾಥೇನ ಎಂಬ ಪಾರ್ಸಿ ಯುವಕನ ಸ್ನೇಹವೂ ಇಲ್ಲಿ ಬೆಳೆಯಿತು. ಮುಂದೆ ಹಣದ ಅಡಚಣೆ ಬಂದಾಗಲೆಲ್ಲ ಈ ಸ್ನೇಹವು ಅವರ ನೆರವಿಗೆ ಬಂದಿತು.

ಯುದ್ಧಕಾಲದ ಲಂಡನ್‌ನಲ್ಲಿ ಪ್ರವೇಶ

ಅರ್ಥಶಾಸ್ತ್ರದ ಸಂಶೋಧನೆಯ ಜೊತೆಗೆ ವಕೀಲಿ ವೃತ್ತಿಯ ಅರ್ಹತೆಯನ್ನೂ ಪಡೆಯಬೇಕೆಂದು ನಿರ್ಧರಿಸಿ ಅಂಬೇಡ್ಕರ್ ಅವರು 1916ರಲ್ಲಿ ಲಂಡನ್ನಿಗೆ ತೆರಳಿದರು. ಸೆಲಿಗ್‌ಮನ್ ಅವರು ಲಂಡನ್ನಿನ ವಿದ್ವಾಂಸರಿಗೆ ಶಿಫಾರಸು ಪತ್ರ ಬರೆದುಕೊಟ್ಟಿದ್ದರು. ಅಕ್ಟೋಬರ್ ತಿಂಗಳಿನಲ್ಲಿ ಲಂಡನ್ ಅರ್ಥಶಾಸ್ತ್ರ ಶಾಲೆಯಲ್ಲಿಯೂ, ನವೆಂಬರ್ ತಿಂಗಳಿನಲ್ಲಿ ಬ್ಯಾರಿಸ್ಟರ್ ಪದವಿಗಾಗಿ ಗ್ರೇಸ್ ಇನ್ ಸಂಸ್ಥೆಯಲ್ಲಿಯೂ ಅವರಿಗೆ ಪ್ರವೇಶ ದೊರೆಯಿತು.

ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆಗಬೇಕಾದವರು ಅಲ್ಲಿನ ನಾಲ್ಕು ಇನ್‌ಗಳಾದ ಲಿಂಕನ್ಸ್ ಇನ್, ಇನ್ನರ್ ಟೆಂಪಲ್, ಮಿಡಲ್ ಟೆಂಪಲ್ ಮತ್ತು ಗ್ರೇಸ್ ಇನ್ ಇವುಗಳ ಪೈಕಿ ಒಂದರ ಸದಸ್ಯರಾಗಬೇಕಿತ್ತು. ಪರೀಕ್ಷೆಗಳಲ್ಲಿ ಉತ್ತೀರ್ಣರಾದರೆ ಮಾತ್ರ ಸಾಲದು. ವರ್ಷಕ್ಕೆ ನಾಲ್ಕರಂತೆ ಒಟ್ಟು ಹನ್ನೆರಡು ಅವಧಿಗಳನ್ನು ಪೂರೈಸಬೇಕಿತ್ತು. ಪ್ರತಿ ಅವಧಿಯಲ್ಲಿ ನಿಗದಿತ ಸಂಖ್ಯೆಯ ದಿನಗಳಂದು ಇನ್‌ನ ಸಭಾಂಗಣದಲ್ಲಿ ಇತರ ಸದಸ್ಯರೊಂದಿಗೆ ಭೋಜನ ಮಾಡುವುದೇ ಹಾಜರಾತಿ ಎಂದು ಪರಿಗಣಿಸಲ್ಪಡುತ್ತಿತ್ತು. ಆದ್ದರಿಂದ ಲಂಡನ್ ಬಿಟ್ಟು ಬೇರೆಡೆ ಇದ್ದು ಓದಿ ಪರೀಕ್ಷೆ ಬರೆಯುವ ಅವಕಾಶ ಇರಲಿಲ್ಲ. ನಗರದಲ್ಲಿ ವಾಸವಿರಲು ಬೇಕಾದ ಹಣ ನಿಂತಿತೆಂದರೆ ವ್ಯಾಸಂಗವೂ ನಿಲ್ಲುತ್ತಿತ್ತು.

ಪ್ರಥಮ ಮಹಾಯುದ್ಧವು 1914ರಲ್ಲಿ ಆರಂಭಗೊಂಡು ಆಗ ಮೂರನೆಯ ವರ್ಷಕ್ಕೆ ಕಾಲಿಟ್ಟಿತ್ತು. 1916ರಿಂದ ಬ್ರಿಟನ್ನಿನಲ್ಲಿ ಕಡ್ಡಾಯ ಸೈನಿಕ ಸೇವೆ ಜಾರಿಗೆ ಬಂದಿತ್ತು. ಕಾಲೇಜುಗಳ ಯುವಕರು ಹಾಗೂ ಅನೇಕ ಅಧ್ಯಾಪಕರು ಯುದ್ಧಕ್ಕೋ ಯುದ್ಧ ಸಂಬಂಧಿತ ಸರ್ಕಾರಿ ಕೆಲಸಕ್ಕೋ ತೆರಳಿದ್ದರು. ತರಗತಿಗಳಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಬಹಳವಾಗಿ ಇಳಿದಿತ್ತು. ಇನ್‌ಗಳ ವಕೀಲರು ಮತ್ತು ವಿದ್ಯಾರ್ಥಿಗಳಿಂದ ಕೂಡಿದ ಪಡೆಯು ಸೇನಾಧಿಕಾರಿಗಳ ತರಬೇತಿ ನೀಡುವ ಕೇಂದ್ರವಾಗಿ ಮಾರ್ಪಟ್ಟಿತ್ತು. ವೈಮಾನಿಕ ದಾಳಿಯ ಭೀತಿಯಿಂದ ರಾತ್ರಿ ವೇಳೆ ನಗರದ ದೀಪಗಳನ್ನು ಮಂದಗೊಳಿಸಲಾಗುತ್ತಿತ್ತು. 1917ರ ಜೂನ್ 13ರಂದು ಹಗಲು ಹೊತ್ತಿನಲ್ಲಿಯೇ ಜರ್ಮನ್ ವಿಮಾನಗಳು ನಡೆಸಿದ ದಾಳಿಯಲ್ಲಿ ಲಂಡನ್ನಿನಲ್ಲಿ 162 ಮಂದಿ ಮೃತಪಟ್ಟರು. ಇಂತಹ ದಿನಗಳಲ್ಲಿ ಅಂಬೇಡ್ಕರ್ ಅವರು ಎರಡು ಸಂಸ್ಥೆಗಳ ವ್ಯಾಸಂಗವನ್ನು ಏಕಕಾಲಕ್ಕೆ ನಡೆಸುತ್ತಿದ್ದರು.

ವ್ಯಾಸಂಗದ ಸ್ಥಗಿತ

ಬರೋಡಾ ಸಂಸ್ಥಾನವು ವಿದ್ಯಾರ್ಥಿವೇತನವನ್ನು ಸೀಮಿತ ಅವಧಿಗೆ ಮಾತ್ರ ಮುಂದುವರಿಸಿತ್ತು. 1917ರ ಮಧ್ಯಭಾಗದಲ್ಲಿ ಆ ಅವಧಿ ಮುಗಿಯಿತು. ಕರಾರಿನಂತೆ ಸೇವೆಗೆ ಹಾಜರಾಗಲು ಅವರು ಭಾರತಕ್ಕೆ ಹಿಂದಿರುಗಲೇಬೇಕಾಯಿತು. ಬ್ಯಾರಿಸ್ಟರ್ ಪದವಿಯಾಗಲಿ ಅರ್ಥಶಾಸ್ತ್ರದ ಪದವಿಯಾಗಲಿ ಆಗ ಕೈಗೆ ಬಂದಿರಲಿಲ್ಲ.

ಈ ಹಂತದಲ್ಲಿ ಅವರು ಕೈಗೊಂಡ ಒಂದು ಕ್ರಮವು ಮುಂದಿನ ಎಲ್ಲಕ್ಕೂ ಆಧಾರವಾಯಿತು. ವ್ಯಾಸಂಗವನ್ನು ತ್ಯಜಿಸಿ ಹೋಗುವ ಬದಲು, ನಾಲ್ಕು ವರ್ಷಗಳನ್ನು ಮೀರದ ಅವಧಿಯೊಳಗೆ ಮರಳಿ ಬಂದು ಮುಂದುವರಿಸಲು ಲಂಡನ್ ವಿಶ್ವವಿದ್ಯಾಲಯದ ಅನುಮತಿಯನ್ನು ಕೋರಿ ಪಡೆದರು. ಪ್ರಾಧ್ಯಾಪಕ ಎಡ್ವಿನ್ ಕ್ಯಾನನ್ ಅವರು ಈ ವಿಷಯದಲ್ಲಿ ಸಹಾಯ ಮಾಡಿದರು. ಗ್ರೇಸ್ ಇನ್‌ನ ಸದಸ್ಯತ್ವವೂ ಉಳಿದುಕೊಂಡಿತು. ಹೀಗೆ ವ್ಯಾಸಂಗವು ಸ್ಥಗಿತಗೊಂಡರೂ ಅದರ ಮೇಲಿನ ಹಕ್ಕು ರದ್ದಾಗಲಿಲ್ಲ. ಆದರೆ ಕಾಲಮಿತಿ ಮಾತ್ರ ಆ ದಿನದಿಂದಲೇ ಓಡತೊಡಗಿತು.

1917ರ ಫೆಬ್ರವರಿಯಿಂದ ಜರ್ಮನಿಯ ಜಲಾಂತರ್ಗಾಮಿ ನೌಕೆಗಳು ಎಲ್ಲ ಬಗೆಯ ಹಡಗುಗಳ ಮೇಲೂ ದಾಳಿ ನಡೆಸುತ್ತಿದ್ದವು. ಅಂಬೇಡ್ಕರ್ ಅವರು ರೈಲಿನಲ್ಲಿ ಫ್ರಾನ್ಸಿನ ಮಾರ್ಸೆಲ್ಸ್ ಬಂದರನ್ನು ತಲುಪಿ ಅಲ್ಲಿಂದ ಹಡಗನ್ನೇರಿ ಆಗಸ್ಟ್ ತಿಂಗಳಿನಲ್ಲಿ ಸುರಕ್ಷಿತವಾಗಿ ಬೊಂಬಾಯಿ ತಲುಪಿದರು. ಆದರೆ ಅವರ ಪುಸ್ತಕಗಳನ್ನು ಹೊತ್ತ ಬೇರೊಂದು ಹಡಗು ದಾಳಿಗೆ ಗುರಿಯಾಗಿ ಮುಳುಗಿತು. ನ್ಯೂಯಾರ್ಕ್ ಮತ್ತು ಲಂಡನ್ನಿನಲ್ಲಿ ಊಟದ ಖರ್ಚನ್ನು ಉಳಿಸಿ ಸಂಗ್ರಹಿಸಿದ್ದ ಗ್ರಂಥಗಳು ಸಮುದ್ರದ ಪಾಲಾದವು. ಈ ನಷ್ಟಕ್ಕಾಗಿ ದೊರೆತ ಪರಿಹಾರದ ಹಣವೇ ಬರೋಡಾಕ್ಕೆ ಹೋಗುವ ಪ್ರಯಾಣದ ವೆಚ್ಚಕ್ಕೆ ಒದಗಿತು.

ಬರೋಡಾದ ಅನುಭವ ಮತ್ತು ಸಿಡೆನ್‌ಹ್ಯಾಮ್ ಕಾಲೇಜು

ಬರೋಡಾದಲ್ಲಿ ಉನ್ನತ ಹುದ್ದೆಯ ಆದೇಶ ಕೈಯಲ್ಲಿದ್ದರೂ ಅವರಿಗೆ ವಾಸಕ್ಕೆ ಮನೆ ದೊರೆಯಲಿಲ್ಲ. ಪಾರ್ಸಿಗಳ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರಿನಿಂದ ತಂಗಿದ್ದರು. ಹನ್ನೊಂದನೆಯ ದಿನ ಕೋಲುಗಳನ್ನು ಹಿಡಿದ ಗುಂಪೊಂದು ಬಂದು ಅಲ್ಲಿಂದ ಹೊರಡುವಂತೆ ಬೆದರಿಸಿತು. ಹಿಂದೂ ಹಾಗೂ ಕ್ರೈಸ್ತ ಮಿತ್ರರ ಮನೆಗಳಲ್ಲಿಯೂ ಆಶ್ರಯ ಸಿಗಲಿಲ್ಲ. ಉದ್ಯಾನವೊಂದರಲ್ಲಿ ರೈಲಿನ ವೇಳೆಯವರೆಗೆ ಕಾದಿದ್ದು ಅವರು ಬೊಂಬಾಯಿಗೆ ಮರಳಿದರು. ಹತ್ತು ವರ್ಷಗಳ ಸೇವೆಯ ಕರಾರು ಹೀಗೆ ಕೆಲವೇ ದಿನಗಳಲ್ಲಿ ಮುರಿಯಿತು.

ತರುವಾಯ ಅವರು ಮನೆಪಾಠ ಹೇಳಿದರು. ವ್ಯಾಪಾರಿಗಳಿಗೆ ಷೇರು ವ್ಯವಹಾರದ ಸಲಹೆ ನೀಡುವ ಉದ್ಯೋಗವನ್ನೂ ಆರಂಭಿಸಿದರು. ಸಲಹೆಗಾರರ ಜಾತಿ ತಿಳಿದ ಮೇಲೆ ಗಿರಾಕಿಗಳು ಬರುವುದನ್ನು ನಿಲ್ಲಿಸಿದರು. 1918ರ ನವೆಂಬರ್ ತಿಂಗಳಿನಲ್ಲಿ, ಯುದ್ಧವು ಮುಕ್ತಾಯಗೊಂಡ ದಿನಗಳಲ್ಲಿಯೇ, ಬೊಂಬಾಯಿಯ ಸಿಡೆನ್‌ಹ್ಯಾಮ್ ವಾಣಿಜ್ಯ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿ ನೇಮಕಗೊಂಡರು. 1913ರಲ್ಲಿ ಸ್ಥಾಪನೆಯಾದ ಈ ಕಾಲೇಜು ವಾಣಿಜ್ಯ ಶಿಕ್ಷಣಕ್ಕೆಂದೇ ಮೀಸಲಾಗಿದ್ದ ದೇಶದ ಮೊದಲ ಕಾಲೇಜು. ಮಾಸಿಕ ವೇತನ 450 ರೂಪಾಯಿಗಳು. ಇಲ್ಲಿಯೂ ಸಹೋದ್ಯೋಗಿಗಳಲ್ಲಿ ಕೆಲವರು ಕುಡಿಯುವ ನೀರಿನ ಪಾತ್ರೆಯ ವಿಷಯದಲ್ಲಿ ಆಕ್ಷೇಪವೆತ್ತಿದರು. ಆದರೆ ಅವರ ಉಪನ್ಯಾಸಗಳ ಖ್ಯಾತಿಯಿಂದ ಬೇರೆ ಕಾಲೇಜುಗಳ ವಿದ್ಯಾರ್ಥಿಗಳೂ ಬಂದು ಕೇಳುತ್ತಿದ್ದರು.

ಲಂಡನ್ನಿಗೆ ಮರಳುವ ಗುರಿಯನ್ನು ಅವರು ಈ ಅವಧಿಯಲ್ಲಿ ಎಂದೂ ಮರೆಯಲಿಲ್ಲ. ವೇತನ ಉತ್ತಮವಾಗಿದ್ದರೂ ಬೊಂಬಾಯಿಯ ಪರೇಲ್ ಪ್ರದೇಶದ ಕಾರ್ಮಿಕರ ಚಾಳಿನಲ್ಲಿಯೇ ವಾಸವಿದ್ದು ಹಣ ಉಳಿಸಿದರು. ಪತ್ನಿ ರಮಾಬಾಯಿ ಅವರು ನಿಗದಿಪಡಿಸಿದ ಅಲ್ಪ ಮೊತ್ತದಲ್ಲಿ ಸಂಸಾರ ನಡೆಸಿದರು. 1920ರ ಜನವರಿ 31ರಂದು ಕೊಲ್ಲಾಪುರದ ಶಾಹು ಮಹಾರಾಜರ ನೆರವಿನಿಂದ ಮೂಕನಾಯಕ ಎಂಬ ಮರಾಠಿ ಪತ್ರಿಕೆ ಪ್ರಾರಂಭವಾಯಿತು. ಅದೇ ಮಾರ್ಚ್ ತಿಂಗಳಿನಲ್ಲಿ ಅವರು ಪ್ರಾಧ್ಯಾಪಕ ಹುದ್ದೆಯನ್ನು ಬಿಟ್ಟರು.

ಮರುಪ್ರವೇಶ ಮತ್ತು ಬ್ಯಾರಿಸ್ಟರ್ ಪದವಿ

ತಮ್ಮ ಉಳಿತಾಯ, ಶಾಹು ಮಹಾರಾಜರ ಸಹಾಯ ಹಾಗೂ ನವಲ್ ಭಾಥೇನ ಅವರಿಂದ ಪಡೆದ 5,000 ರೂಪಾಯಿಗಳ ಸಾಲವನ್ನು ಕೂಡಿಸಿಕೊಂಡು 1920ರ ಜುಲೈ ತಿಂಗಳಿನಲ್ಲಿ ಅವರು ಲಂಡನ್ನಿಗೆ ಪ್ರಯಾಣ ಬೆಳೆಸಿದರು. ನೀಡಲಾಗಿದ್ದ ಕಾಲಾವಕಾಶದಲ್ಲಿ ಆಗ ಒಂದು ವರ್ಷ ಮಾತ್ರ ಉಳಿದಿತ್ತು.

ಆ ವರ್ಷ ಭಾರತದಲ್ಲಿಯೂ ಶಿಕ್ಷಣ ಕ್ಷೇತ್ರವು ಅಸ್ತವ್ಯಸ್ತವಾಗಿತ್ತೆಂಬುದು ಗಮನಾರ್ಹ. 1920ರ ಸೆಪ್ಟೆಂಬರ್ ತಿಂಗಳಿನಲ್ಲಿ ಕಲ್ಕತ್ತೆಯ ವಿಶೇಷ ಅಧಿವೇಶನವು ಅಸಹಕಾರ ಚಳವಳಿಯ ಅಂಗವಾಗಿ ಸರ್ಕಾರಿ ಶಾಲಾ ಕಾಲೇಜುಗಳನ್ನು ಹಾಗೂ ನ್ಯಾಯಾಲಯಗಳನ್ನು ಬಹಿಷ್ಕರಿಸಲು ಕರೆ ನೀಡಿತು. ಸಾವಿರಾರು ವಿದ್ಯಾರ್ಥಿಗಳು ಕಾಲೇಜು ತೊರೆದರು. ಅನೇಕ ವಕೀಲರು ವೃತ್ತಿಯನ್ನು ಬಿಟ್ಟರು. ಗುಜರಾತ್ ವಿದ್ಯಾಪೀಠ, ಜಾಮಿಯಾ ಮಿಲಿಯಾ ಮೊದಲಾದ ರಾಷ್ಟ್ರೀಯ ಶಿಕ್ಷಣ ಸಂಸ್ಥೆಗಳು ಆಗ ಹುಟ್ಟಿಕೊಂಡವು. ಕಾಲೇಜಿನ ಬಾಗಿಲೇ ತಲತಲಾಂತರದಿಂದ ಮುಚ್ಚಿದ್ದ ಸಮುದಾಯದಿಂದ ಬಂದ ಅಂಬೇಡ್ಕರ್ ಅವರಿಗೆ ಕಾನೂನಿನ ಪದವಿಯು ತ್ಯಜಿಸಬಹುದಾದ ವಸ್ತುವಾಗಿರಲಿಲ್ಲ. ಅದನ್ನು ಗಳಿಸುವುದೇ ಅವರ ಪಾಲಿನ ಹೋರಾಟವಾಗಿತ್ತು.

1920ರ ಸೆಪ್ಟೆಂಬರ್ ಅಂತ್ಯದಲ್ಲಿ ಅವರು ಲಂಡನ್ ಅರ್ಥಶಾಸ್ತ್ರ ಶಾಲೆಯನ್ನು ಮರಳಿ ಸೇರಿದರು. ಗ್ರೇಸ್ ಇನ್‌ನಲ್ಲಿ 1916ರ ಪ್ರವೇಶದ ಆಧಾರದ ಮೇಲೆಯೇ ವ್ಯಾಸಂಗ ಮುಂದುವರಿಯಿತು. ಬ್ರಿಟಿಷ್ ಮ್ಯೂಸಿಯಂ ಹಾಗೂ ಇಂಡಿಯಾ ಆಫೀಸ್ ಗ್ರಂಥಾಲಯಗಳಲ್ಲಿ ಬೆಳಗಿನಿಂದ ಬಾಗಿಲು ಮುಚ್ಚುವವರೆಗೆ ಓದುತ್ತಿದ್ದರು. ಮಧ್ಯಾಹ್ನದ ಊಟಕ್ಕೆ ಹಣವಿಲ್ಲದ ದಿನಗಳು ಅನೇಕವಿದ್ದವು. 1921 ಮತ್ತು 1922ರಲ್ಲಿ ಅವರು ವಾಸವಿದ್ದ ಕಿಂಗ್ ಹೆನ್ರೀಸ್ ರಸ್ತೆಯ 10ನೇ ಸಂಖ್ಯೆಯ ಮನೆಯನ್ನು 2015ರಲ್ಲಿ ಮಹಾರಾಷ್ಟ್ರ ಸರ್ಕಾರವು ಖರೀದಿಸಿ ಸ್ಮಾರಕವನ್ನಾಗಿ ಮಾಡಿತು.

1921ರಲ್ಲಿ ಎಂ.ಎಸ್ಸಿ. ಪದವಿ ಲಭಿಸಿತು. 1922ರ ಜೂನ್ ತಿಂಗಳಿನಲ್ಲಿ ಗ್ರೇಸ್ ಇನ್ ಅವರಿಗೆ ಬ್ಯಾರಿಸ್ಟರ್ ಪದವಿಯನ್ನು ನೀಡಿತು. ಪ್ರವೇಶ ಪಡೆದ ದಿನದಿಂದ ಐದೂವರೆ ವರ್ಷಗಳಿಗೂ ಹೆಚ್ಚು ಕಾಲ ಕಳೆದಿತ್ತು. 1919ರ ಕಾಯ್ದೆಯಿಂದ ಮಹಿಳೆಯರಿಗೂ ಇನ್‌ಗಳ ಬಾಗಿಲು ತೆರೆದು, ಇಂಗ್ಲೆಂಡಿನ ಪ್ರಥಮ ಮಹಿಳಾ ಬ್ಯಾರಿಸ್ಟರ್ ಪದವಿ ಪಡೆದದ್ದೂ 1922ರ ಮೇ ತಿಂಗಳಿನಲ್ಲಿಯೇ. ರೂಪಾಯಿಯ ಸಮಸ್ಯೆಯನ್ನು ಕುರಿತು ಅಂಬೇಡ್ಕರ್ ಅವರು ಸಲ್ಲಿಸಿದ ಸಂಶೋಧನಾ ಪ್ರಬಂಧವನ್ನು ಪರೀಕ್ಷಕರು ಪರಿಷ್ಕರಣೆಗಾಗಿ ಹಿಂದಿರುಗಿಸಿದರು. ಹಣ ಮುಗಿದಿದ್ದರಿಂದ ಅವರು 1923ರ ಏಪ್ರಿಲ್ ತಿಂಗಳಿನಲ್ಲಿ ಬೊಂಬಾಯಿಗೆ ಬಂದು, ಇಲ್ಲಿಂದಲೇ ಅದನ್ನು ತಿದ್ದಿ ಕಳುಹಿಸಿದರು. ಅದೇ ವರ್ಷ ಡಿ.ಎಸ್ಸಿ. ಪದವಿ ಪ್ರಾಪ್ತವಾಯಿತು. ಕೊಲಂಬಿಯಾದ ಪಿಎಚ್.ಡಿ. ಪದವಿಯು 1927ರಲ್ಲಿ ಪ್ರದಾನವಾಯಿತು.

ವಕೀಲಿ ವೃತ್ತಿ ಮತ್ತು ಕಾನೂನು ಬೋಧನೆ

1923ರಲ್ಲಿ ಬೊಂಬಾಯಿ ಉಚ್ಚ ನ್ಯಾಯಾಲಯದಲ್ಲಿ ವೃತ್ತಿ ಆರಂಭಿಸಲು ಸನ್ನದಿನ ಶುಲ್ಕಕ್ಕೂ ಅವರಲ್ಲಿ ಹಣವಿರಲಿಲ್ಲ. ಆಗಲೂ ಭಾಥೇನ ಅವರೇ ನೆರವಾದರು. ಪ್ರತಿಷ್ಠಿತ ಸಾಲಿಸಿಟರುಗಳು ಇವರಿಗೆ ಪ್ರಕರಣಗಳನ್ನು ಒಪ್ಪಿಸುತ್ತಿರಲಿಲ್ಲ. ಬಡವರು ಹಾಗೂ ಕಾರ್ಮಿಕರೇ ಕಕ್ಷಿದಾರರಾಗಿದ್ದರು. ಸಂಸಾರ ನಿರ್ವಹಣೆಗಾಗಿ 1925ರಿಂದ 1928ರವರೆಗೆ ಬಾಟ್ಲಿಬಾಯ್ ಲೆಕ್ಕಶಾಸ್ತ್ರ ತರಬೇತಿ ಸಂಸ್ಥೆಯಲ್ಲಿ ವಾಣಿಜ್ಯ ಕಾನೂನನ್ನು ಬೋಧಿಸಿದರು. 1926ರಲ್ಲಿ ಬ್ರಾಹ್ಮಣೇತರ ಚಳವಳಿಯ ಮುಖಂಡರ ಮೇಲೆ ಹೂಡಲಾಗಿದ್ದ ಮಾನಹಾನಿ ಮೊಕದ್ದಮೆಯಲ್ಲಿ ಆರೋಪಿಗಳ ಪರವಾಗಿ ವಾದಿಸಿ ಗೆಲುವು ಪಡೆದಾಗ ವಕೀಲರಾಗಿ ಹೆಸರು ಗಳಿಸಿದರು.

1924ರ ಜುಲೈ ತಿಂಗಳಿನಲ್ಲಿ ಸ್ಥಾಪಿಸಿದ ಬಹಿಷ್ಕೃತ ಹಿತಕಾರಿಣಿ ಸಭೆಯು ವಿದ್ಯಾರ್ಥಿನಿಲಯಗಳು ಹಾಗೂ ವಾಚನಾಲಯಗಳನ್ನು ತೆರೆಯುವ ಕಾರ್ಯವನ್ನು ಕೈಗೆತ್ತಿಕೊಂಡಿತು. 1925ರಲ್ಲಿ ಇಂದಿನ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲಿ ನಡೆದ ಬೊಂಬಾಯಿ ಪ್ರಾಂತ್ಯದ ಶೋಷಿತ ವರ್ಗಗಳ ಸಮ್ಮೇಳನದಲ್ಲಿ ಅವರು ಭಾಗವಹಿಸಿದ್ದರು. ಧಾರವಾಡದಲ್ಲಿಯೂ ಅವರ ಪ್ರೇರಣೆಯಿಂದ ವಿದ್ಯಾರ್ಥಿನಿಲಯ ಆರಂಭವಾಯಿತು.

1928ರಲ್ಲಿ ಬೊಂಬಾಯಿಯ ಸರ್ಕಾರಿ ಕಾನೂನು ಕಾಲೇಜಿನಲ್ಲಿ ಅವರು ಪ್ರಾಧ್ಯಾಪಕರಾದರು. 1935ರ ಜೂನ್ ತಿಂಗಳಿನಲ್ಲಿ ಅದೇ ಕಾಲೇಜಿನ ಪ್ರಾಂಶುಪಾಲರಾಗಿ ನೇಮಕಗೊಂಡು 1938ರವರೆಗೆ ಸೇವೆ ಸಲ್ಲಿಸಿದರು. ಕಾನೂನು ವ್ಯಾಸಂಗದ ಪ್ರತಿ ಮೆಟ್ಟಿಲಿನಲ್ಲಿಯೂ ಅಡೆತಡೆ ಎದುರಿಸಿದ್ದ ವ್ಯಕ್ತಿಯು ಇತರರ ಪ್ರವೇಶವನ್ನು ನಿರ್ವಹಿಸುವ ಸ್ಥಾನವನ್ನು ತಲುಪಿದ್ದರು.

ವಿದ್ಯಾರ್ಥಿವೇತನ ಯೋಜನೆಗಳ ಮೂಲ

1942ರಿಂದ 1946ರವರೆಗೆ ಅಂಬೇಡ್ಕರ್ ಅವರು ವೈಸರಾಯ್ ಅವರ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. ಆಗ ದ್ವಿತೀಯ ಮಹಾಯುದ್ಧ ನಡೆಯುತ್ತಿತ್ತು. ಯುದ್ಧವೆಚ್ಚದ ನಡುವೆಯೂ ಪರಿಶಿಷ್ಟ ಜಾತಿಗಳ ಉನ್ನತ ಶಿಕ್ಷಣಕ್ಕೆ ಹಣ ಒದಗಿಸಬೇಕೆಂದು ಅವರು 1942ರ ಅಕ್ಟೋಬರ್ ತಿಂಗಳಿನಲ್ಲಿ ವೈಸರಾಯ್ ಅವರಿಗೆ ವಿಸ್ತೃತ ಮನವಿ ಸಲ್ಲಿಸಿದರು. ಇದರ ಫಲವಾಗಿ ಮೂರು ಲಕ್ಷ ರೂಪಾಯಿಗಳ ಅನುದಾನ ದೊರೆತು 1944ರಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಯೋಜನೆ ಜಾರಿಗೆ ಬಂದಿತು. ವಿದೇಶ ವ್ಯಾಸಂಗಕ್ಕೂ ಕೆಲವು ವಿದ್ಯಾರ್ಥಿಗಳನ್ನು ಕಳುಹಿಸಲಾಯಿತು. ಇಂದು ದೇಶದಾದ್ಯಂತ ವಿದ್ಯಾರ್ಥಿಗಳು ಅರ್ಜಿ ಸಲ್ಲಿಸುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವು ಅಂದಿನ ಯೋಜನೆಯ ಮುಂದುವರಿದ ರೂಪವಾಗಿದೆ. 1917ರಲ್ಲಿ ವೇತನ ನಿಂತ ಕಾರಣ ಓದು ನಿಂತ ಸ್ವಂತ ಅನುಭವವಿದ್ದವರೇ ಈ ಮನವಿಯನ್ನು ಬರೆದಿದ್ದರೆಂಬುದು ಉಲ್ಲೇಖಾರ್ಹ.

1945ರಲ್ಲಿ ಅವರು ಪೀಪಲ್ಸ್ ಎಜುಕೇಷನ್ ಸೊಸೈಟಿಯನ್ನು ಸ್ಥಾಪಿಸಿದರು. ಇದರ ಆಶ್ರಯದಲ್ಲಿ 1946ರಲ್ಲಿ ಬೊಂಬಾಯಿಯ ಸಿದ್ಧಾರ್ಥ ಕಾಲೇಜು ಆರಂಭವಾಯಿತು. ಉದ್ಯೋಗದಲ್ಲಿರುವವರ ಅನುಕೂಲಕ್ಕಾಗಿ ಅಲ್ಲಿ ಬೆಳಗಿನ ತರಗತಿಗಳನ್ನು ನಡೆಸಲಾಯಿತು. ಮುಂದೆ ವಾಣಿಜ್ಯ ಹಾಗೂ ಕಾನೂನು ಕಾಲೇಜುಗಳೂ ಸ್ಥಾಪನೆಯಾದವು.

ಸಂವಿಧಾನ ರಚನೆ

1947ರ ಆಗಸ್ಟ್ 29ರಂದು ಸಂವಿಧಾನದ ಕರಡು ಸಮಿತಿ ರಚನೆಯಾಯಿತು. ಅದರ ಅಧ್ಯಕ್ಷರಾದ ಅಂಬೇಡ್ಕರ್ ಅವರು ಸಿದ್ಧಪಡಿಸಿದ ಕರಡಿನ ಮೇಲೆ ಸುದೀರ್ಘ ಚರ್ಚೆ ನಡೆದು 1949ರ ನವೆಂಬರ್ 26ರಂದು ಸಂವಿಧಾನವು ಅಂಗೀಕೃತವಾಯಿತು. ದುರ್ಬಲ ವರ್ಗಗಳ ಶೈಕ್ಷಣಿಕ ಹಿತಾಸಕ್ತಿಯನ್ನು ವಿಶೇಷ ಕಾಳಜಿಯಿಂದ ರಕ್ಷಿಸುವುದು ರಾಜ್ಯದ ಹೊಣೆಯೆಂದು 46ನೆಯ ಅನುಚ್ಛೇದ ತಿಳಿಸುತ್ತದೆ. 1951ರಲ್ಲಿ ಮದರಾಸು ರಾಜ್ಯದ ಕಾಲೇಜು ಪ್ರವೇಶದ ಮೀಸಲಾತಿ ಆದೇಶವನ್ನು ಸರ್ವೋಚ್ಚ ನ್ಯಾಯಾಲಯವು ಅಸಿಂಧುಗೊಳಿಸಿದಾಗ, ಅದೇ ವರ್ಷ ಮೊದಲನೆಯ ತಿದ್ದುಪಡಿಯ ಮೂಲಕ 15(4)ನೆಯ ಅನುಚ್ಛೇದವನ್ನು ಸೇರಿಸಲಾಯಿತು. ಆಗ ಕಾನೂನು ಸಚಿವರಾಗಿದ್ದವರು ಅಂಬೇಡ್ಕರ್ ಅವರೇ. ಶಿಕ್ಷಣ ಸಂಸ್ಥೆಗಳ ಪ್ರವೇಶದಲ್ಲಿ ಹಿಂದುಳಿದ ವರ್ಗಗಳು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳಿಗೆ ವಿಶೇಷ ಅವಕಾಶ ಕಲ್ಪಿಸಲು ಈ ಅನುಚ್ಛೇದವು ಆಧಾರವಾಯಿತು.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಬೌದ್ಧ ಧರ್ಮವನ್ನು ಸ್ವೀಕರಿಸಿದರು. ಅದೇ ವರ್ಷ ಡಿಸೆಂಬರ್ 6ರಂದು ದೆಹಲಿಯಲ್ಲಿ ನಿಧನ ಹೊಂದಿದರು. 1990ರಲ್ಲಿ ಮರಣೋತ್ತರವಾಗಿ ಭಾರತ ರತ್ನ ಪ್ರಶಸ್ತಿ ಪ್ರದಾನ ಮಾಡಲಾಯಿತು. ಗ್ರೇಸ್ ಇನ್ ಸಂಸ್ಥೆಯು 2021ರಲ್ಲಿ ತನ್ನ ಒಂದು ಕೊಠಡಿಗೆ ಅವರ ಹೆಸರನ್ನಿಟ್ಟು ಗೌರವಿಸಿತು.

ಅರ್ಜಿದಾರರ ಗಮನಕ್ಕೆ

ಯುದ್ಧ, ಸಾಂಕ್ರಾಮಿಕ ರೋಗ, ಪ್ರಕೃತಿ ವಿಕೋಪ ಅಥವಾ ಕುಟುಂಬದ ಸಂಕಷ್ಟದಿಂದ ವ್ಯಾಸಂಗಕ್ಕೆ ಅಡಚಣೆಯಾಗುವುದು ಯಾವ ಕಾಲದಲ್ಲಿಯೂ ಸಂಭವಿಸಬಹುದು. ಅಂಬೇಡ್ಕರ್ ಅವರ ಜೀವನದಿಂದ ಅರ್ಜಿದಾರರು ಮುಖ್ಯವಾಗಿ ಮೂರು ಅಂಶಗಳನ್ನು ಗಮನಿಸಬಹುದಾಗಿದೆ. ವ್ಯಾಸಂಗ ನಿಲ್ಲಿಸಬೇಕಾದ ಸಂದರ್ಭದಲ್ಲಿ ಸಂಬಂಧಪಟ್ಟ ಸಂಸ್ಥೆಗೆ ತಿಳಿಸದೆ ತೆರಳದೆ, ಮುಂದುವರಿಸುವ ಅನುಮತಿಯನ್ನು ಲಿಖಿತವಾಗಿ ಪಡೆಯುವುದು ಒಂದು. ಆ ಅನುಮತಿಯ ಕಾಲಮಿತಿಯನ್ನು ನೆನಪಿನಲ್ಲಿಟ್ಟುಕೊಂಡು ಅದರೊಳಗೆ ಮರಳುವುದು ಎರಡನೆಯದು. ಆರ್ಥಿಕ ನೆರವಿನ ಷರತ್ತುಗಳನ್ನು ಹಾಗೂ ಅವಧಿಯನ್ನು ಸಹಿ ಮಾಡುವ ಮುನ್ನವೇ ಓದಿ ತಿಳಿಯುವುದು ಮೂರನೆಯದು. ಪ್ರತಿ ಯೋಜನೆಯ ಅರ್ಹತೆ, ಆದಾಯ ಮಿತಿ ಹಾಗೂ ಕೊನೆಯ ದಿನಾಂಕಗಳನ್ನು ಆಯಾ ವರ್ಷದ ಅಧಿಸೂಚನೆಯಲ್ಲಿ ಪ್ರಕಟಿಸಲಾಗುವುದರಿಂದ, ಅರ್ಜಿದಾರರು ಅದನ್ನು ಪರಿಶೀಲಿಸಿ ಅವಶ್ಯಕ ದಾಖಲೆಗಳೊಂದಿಗೆ ನಿಗದಿತ ಅವಧಿಯೊಳಗೆ ಅರ್ಜಿ ಸಲ್ಲಿಸತಕ್ಕದ್ದು.